ನರು, ಸುರು ಮತ್ತು ನಡುಮನೆಯ ಹುಳುಗಳು

ರೇಷ್ಮೆ ಹುಳುಗಳು ನಮ್ಮ ಮನೆಗೆ ಬಂದಾಗ ಮೊದಲು ಹಾಸಿಗೆ ಸುತ್ತಿಕೊಂಡು ಜಾಗ ಬಿಟ್ಟವಳು ಅಜ್ಜಿ. ಹಿರಿಯೂರಿನ ಆ ಮಾಳಿಗೆಮನೆಯಲ್ಲಿ ನಡುಮನೆಯಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ. ದಪ್ಪನೆಯ ಮಣ್ಣಿನ ಗೋಡೆ, ಮೇಲೆ ಒಂದೇ ಒಂದು ಬೆಳಕಿಂಡಿ, ಸಗಣಿ ಸಾರಿಸಿದ ನೆಲ. ಬಿಸಿಲುಗಾಲದಲ್ಲಿ ಬೀದಿಯ ನಾಯಿಗಳೂ ನಮ್ಮ ಹೊಸ್ತಿಲ ಹತ್ತಿರ ಬಂದು ಮಲಗುತ್ತಿದ್ದವು. ಅಲ್ಲಿ ಪೂರ್ವದ ಮೂಲೆ ಅಜ್ಜಿಯದು. ಬೆಳಿಗ್ಗೆ ಮಿಂದು ಬಂದು ಅಲ್ಲಿಯೇ ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದಳು. ಮಧ್ಯಾಹ್ನ ಅಲ್ಲಿಯೇ ಅಡ್ಡಾಗುತ್ತಿದ್ದಳು. ಮಗಂದಿರ ಜಗಳ, ಸೊಸೆಯ ದೂರು, ಆಳುಗಳ ಕೂಲಿಯ ಮಾತು, ಎಲ್ಲ ತೀರ್ಮಾನವೂ ಆ ಮೂಲೆಯಲ್ಲೇ ಆಗುತ್ತಿತ್ತು. ಅಂಥ ಜಾಗವನ್ನು ಅವಳು ಒಂದು ಮಾತಿಗೆ ಬಿಟ್ಟುಕೊಟ್ಟಳೆಂದರೆ ಅದಕ್ಕೆ ಕಾರಣ ಚಿಕ್ಕಪ್ಪ.

ಚಿಕ್ಕಪ್ಪ ಅಜ್ಜಿಯ ಕಿರಿಯ ಮಗ. ಸರಕಾರದವರು ಅವನನ್ನು ರೇಷ್ಮೆ ಕೆಲಸ ಕಲಿಯಲೆಂದು ಜಪಾನಿಗೆ ಕಳಿಸಿದ್ದರು. ಹಡಗಿನಲ್ಲಿ ಹೋದವನು ಎರಡು ವರ್ಷದ ಮೇಲೆ ಸೊರಗಿ, ತಲೆಗೂದಲು ಸಣ್ಣಗೆ ಕತ್ತರಿಸಿಕೊಂಡು ಬಂದ. ಬೀದಿಯವರೆಲ್ಲ ಅವನನ್ನು ಸಮುದ್ರದ ಬಗ್ಗೆ ಕೇಳಿದರೆ ಅಜ್ಜಿ ಕೇಳಿದ್ದು ಒಂದೇ ಮಾತು.

"ಅಲ್ಲಿ ಏನಪ್ಪ ಉಣ್ತಿದ್ದೆ?"

"ಅನ್ನ, ಅವ್ವ."

ಅನ್ನದ ಜೊತೆಗೆ ಏನು ಎಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮಾರಿಕಣಿವೆಯ ಕಟ್ಟೆಯ ನೀರು ಕಾಲುವೆಗೆ ಬಂದು ಆಗಿನ್ನೂ ಕೆಲವೇ ವರ್ಷವಾಗಿತ್ತು. ಕಾಲುವೆಯ ಕೆಳಗೆ ನಮ್ಮದೊಂದು ಹೊಲವಿತ್ತು. ಅದರಲ್ಲಿ ಚಿಕ್ಕಪ್ಪ ಹಿಪ್ಪುನೇರಳೆ ನೆಟ್ಟ. ಅಪ್ಪ ಹತ್ತಿಯ ವ್ಯಾಪಾರಿ, ತಿಂಗಳಲ್ಲಿ ಹದಿನೈದು ದಿನ ಚಿತ್ರದುರ್ಗದಲ್ಲಿ ಇರುವವನು. ಹುಳಕ್ಕೆ ಸೊಪ್ಪು ಹಾಕಲು ನೀರಾವರಿ ಹೊಲ ಯಾಕೆ ಎಂಬುದು ಅವನ ಪ್ರಶ್ನೆ. ಆದರೆ ಸರಕಾರದವರು, ಮೊದಲ ಬೆಳೆ ಸರಿಯಾಗಿ ಬಂದರೆ ನೆರವು ಕೊಡುತ್ತೇವೆ, ಇಡೀ ಸೀಮೆಗೆ ನಿಮ್ಮ ಮನೆಯೇ ಮಾದರಿ ಎಂದಿದ್ದರು. ಅದನ್ನು ಮಾಡಿ ತೋರಿಸಲೆಂದು ಬೆಂಗಳೂರಿನ ಕಡೆ ಕೆಲಸಕ್ಕಿದ್ದ ಜಪಾನಿನ ಗಂಡಹೆಂಡತಿಯನ್ನು ಚಿಕ್ಕಪ್ಪ ದೀಪಾವಳಿ ಕಳೆದ ಮೇಲೆ ನಮ್ಮ ಮನೆಗೆ ಕರೆತಂದ.

ಗಾಡಿಯಿಂದ ಇಳಿದ ಹೆಂಗಸಿನ ಹೆಸರು ತೋಮಿ. ನಮ್ಮ ಅವ್ವನ ಭುಜಕ್ಕೆ ಬರುವಷ್ಟು ಎತ್ತರ. ಯಾರೂ ಹೇಳದೆ ಹೊಸ್ತಿಲ ಹೊರಗೇ ಮೆಟ್ಟು ಬಿಟ್ಟು ಒಳಗೆ ಬಂದು, ನೆಲದ ಮೇಲೆ ಮಂಡಿಯೂರಿ ಕುಳಿತು, ಅಜ್ಜಿಯ ಮುಂದೆ ಹಣೆ ನೆಲಕ್ಕೆ ತಾಗುವಷ್ಟು ಬಾಗಿದರು.

"ಯಾರೋ ಒಳ್ಳೆ ಮನೆ ಹೆಣ್ಣುಮಗಳು," ಎಂದಳು ಅಜ್ಜಿ. "ಕುಂತ್ಕಳ್ರಿ ತಾಯಿ, ಆಸರಾಗೈತೇನೋ, ಮಜ್ಜಿಗೆ ಕುಡೀರಿ."

ಅವರ ಗಂಡ ಒಂದೆರಡು ದಿನ ಇದ್ದು, ಚಿಕ್ಕಪ್ಪನ ಜೊತೆ ಹೊಸದುರ್ಗ, ಬಾಗೂರು, ಹೊಳಲ್ಕೆರೆ ಎಂದು ಮಣ್ಣು ನೋಡುತ್ತ ಊರೂರು ತಿರುಗಲು ಹೊರಟರು. ಹುಳು ಸಾಕುವ ಕೆಲಸ ತೋಮಿಯವರದು. ಚಿಕ್ಕಪ್ಪ ಹೋಗುವ ಮುಂಚೆ ನನ್ನನ್ನು ಕರೆದ. ಮನೆಯ ಎಲ್ಲ ಕೋಣೆಗೂ ನುಗ್ಗುವ, ಯಾವ ಕೆಲಸವೂ ಗೊತ್ತಿಲ್ಲದ, ಬಾಯಿ ಮುಚ್ಚದ ಹುಡುಗಿ ನಾನು.

"ಲೇ ಗಿರ್ಜಿ, ಇವರ ಹಿಂದೇನೇ ಇರು. ಅವರ ಮಾತು ನೀ ಕಲಿ, ನಿನ್ ಮಾತು ಅವರಿಗೆ ಕಲ್ಸು. ನಾನಿಲ್ದಾಗ ಅಜ್ಜಿಗೂ ಅವರಿಗೂ ನೀನೇ ಬಾಯಿ."

ಹೀಗೆ ನಾನು ಆ ಮನೆಯ ಬಾಯಿಯಾದೆ. ಹೆಮ್ಮೆಯಿಂದ ಹೇಳುತ್ತೇನೆ, ಆ ಕೆಲಸಕ್ಕೆ ನನಗಿಂತ ತಕ್ಕವರು ಆಗ ಹಿರಿಯೂರಿನಲ್ಲಿ ಇರಲಿಲ್ಲ.

ತೋಮಿಯವರು ನಮ್ಮ ಮನೆಯ ಊಟಕ್ಕೆ ಬೇಗ ಹೊಂದಿಕೊಂಡರು. ಅವರ ಸೀಮೆಯಲ್ಲಿ ಮೀನಿಲ್ಲದ ಊಟವಿಲ್ಲ ಎಂದು ಎಷ್ಟೋ ಕಾಲದ ಮೇಲೆ ನನಗೆ ತಿಳಿಯಿತು. ನಮ್ಮಲ್ಲಿದ್ದಷ್ಟು ದಿನ ಅದರ ಸುದ್ದಿಯನ್ನೇ ಅವರು ಎತ್ತಲಿಲ್ಲ. ರಾಗಿಮುದ್ದೆಯನ್ನು ಮೊದಲ ದಿನ ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅವ್ವ ಸೆರಗು ಬಾಯಿಗೆ ಹಿಡಿದು ನಗುತ್ತ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ತೋರಿಸಿಕೊಟ್ಟಳು. ಅವರಿಗೆ ಬಹಳ ಹಿಡಿಸಿದ್ದು ನಮ್ಮ ಬಚ್ಚಲ ಹಂಡೆ. ಹೊಗೆ ತುಂಬಿದ ಆ ಕತ್ತಲ ಬಚ್ಚಲಿನಲ್ಲಿ ನೀರು ಸುಡುಸುಡು ಕಾಯುವ ತನಕ ಕಾದು ಕುಳಿತು, ಕೆಂಪಾಗಿ ಹೊರಗೆ ಬರುತ್ತಿದ್ದರು. ಅವರ ಮಾತಿನ ಮೊದಲ ಪಾಠ ನನಗೆ ಆದದ್ದೂ ಆ ಹಂಡೆಯ ಮುಂದೆಯೇ. ಬಿಸಿ ಎನ್ನುವುದಕ್ಕೆ ಅವರು ಅತ್ಸುಇ ಎನ್ನುತ್ತಿದ್ದರು. ನಾನು ಹಂಡೆಗೆ ಬೆರಳು ಅದ್ದಿ 'ಅತ್ಸುಇ' ಎಂದೆ. ಅವರು ಅಲ್ಲವೆಂದು ತಲೆಯಾಡಿಸಿ, ಆಗ ತಾನೇ ಹೊತ್ತಿಕೊಳ್ಳುತ್ತಿದ್ದ ಸೌದೆಯನ್ನು ತೋರಿಸಿ, ಕೈಯನ್ನು ಮೆಲ್ಲಗೆ ಮೇಲಕ್ಕೆತ್ತುತ್ತ 'ಅತ್ಸುಕು ನರು' ಎಂದರು. ಈಗ ಬಿಸಿ ಇಲ್ಲ, ಬಿಸಿ ಆಗುತ್ತದೆ. ನನಗೆ ಅದು ಥಟ್ಟನೆ ಹೊಳೆಯಿತು. ನಾನು ಮನೆ ತುಂಬ 'ನರು, ನರು' ಎಂದು ಕೂಗುತ್ತ ಓಡಿದೆ. ಓಡುವ ಭರದಲ್ಲಿ ಅದು ನಾರು ಆಗಿಹೋಯಿತು.

"ಏನೇ ನಾರ್ತೈತೆ?" ಎಂದಳು ಅಜ್ಜಿ, ಮೂಗು ಮುಚ್ಚಿಕೊಂಡು. "ಇಲಿ ಗಿಲಿ ಸತ್ತೈತೇನೋ, ನೋಡ್ರೇ!"

ತೋಮಿಯವರು ನನ್ನನ್ನು ಕೂರಿಸಿಕೊಂಡು, ಎಳೆಯಬೇಡ, ನರು ಎಂದು ಚಿಕ್ಕದಾಗಿ ಅನ್ನು ಎಂದು ತಿದ್ದಿದರು. ಎಳೆದರೆ ನಮ್ಮಲ್ಲಿ ದುರ್ವಾಸನೆ, ಚಿಕ್ಕದಾಗಿ ಅಂದರೆ ಅವರಲ್ಲಿ ಆಗುವುದು. ಆಗಿಹೋಯಿತು ಎನ್ನಬೇಕಾದರೆ ನತ್ತ. ಮರ್ಯಾದೆಯಿಂದ ಹೇಳಬೇಕಾದರೆ ನರಿಮಶಿತ. ಅದನ್ನು ಕೇಳಿ ನಾನು, ಅವ್ವ ಇಬ್ಬರೂ 'ಅಯ್ಯೋ, ನರಿಯಂತೆ!' ಎಂದು ಬಿದ್ದು ಬಿದ್ದು ನಕ್ಕೆವು. ಪಾಪ, ಅವರಿಗೆ ಯಾಕೆಂದು ತಿಳಿಯಲಿಲ್ಲ. ಆದರೂ ಜೊತೆಗೆ ನಕ್ಕರು.

ಹುಳುಗಳು ಬಂದದ್ದು ಕಾಗದಕ್ಕೆ ಅಂಟಿದ ಮೊಟ್ಟೆಗಳಾಗಿ. ಒಡೆದ ಮೊದಲ ದಿನ ಅವು ಹುಳುಗಳೇ ಅಲ್ಲ, ಯಾರೋ ತಟ್ಟೆಯ ಮೇಲೆ ಕರೀಎಳ್ಳಿನ ಪುಡಿ ಚೆಲ್ಲಿದ ಹಾಗಿದ್ದವು. ತೋಮಿಯವರು ಹಕ್ಕಿಯ ಗರಿಯಿಂದ ಅವನ್ನು ಸವರಿ ಸವರಿ, ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಸೊಪ್ಪಿನ ಮೇಲೆ ಬಿಡುತ್ತಿದ್ದರು. ತಟ್ಟೆ ಇಟ್ಟ ಕಟ್ಟಿಗೆಯ ಕಾಲುಗಳ ಸುತ್ತ ಇರುವೆ ಬಾರದಂತೆ ಬೂದಿ. ಬೆಳಕಿಂಡಿಗೆ ಒದ್ದೆ ಗೋಣಿ. ಬಾಗಿಲಲ್ಲಿ ನೀರಿನ ಚೊಂಬು, ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. 'ಇದು ನಮ್ ಪೂಜೆಗಿಂತ ಮಡಿ,' ಎಂದು ಅಜ್ಜಿ ಮೆಚ್ಚಿಕೊಂಡಳು. ಆಮೇಲೆ ಅವಕ್ಕೆ ಮೊದಲ ಜ್ವರ ಬಂತು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ಮಲಗುವುದಕ್ಕೆ ಜ್ವರ ಎನ್ನುತ್ತಾರೆ. ಎದ್ದಾಗ ಕಪ್ಪಗಿದ್ದವು ಬೆಳ್ಳಗಾಗಿದ್ದವು. ತೋಮಿಯವರು ತಟ್ಟೆ ತೋರಿಸಿ 'ಶಿರೊಕು ನತ್ತ' ಎಂದರು. ಬಿಳಿ ಎಂಬುದು ಶಿರೊಇ. ಅದರ ಬಾಲದ ಇ ಕತ್ತರಿಸಿ ಕು ಅಂಟಿಸಿ, ಮುಂದೆ ನತ್ತ ಎಂದರೆ ಬಿಳಿ ಆಯಿತು. ದೊಡ್ಡದಕ್ಕೆ ಓಕಿಇ, ಅದು ಓಕಿಕು ನತ್ತ. ನಾನು ಬಾಯಲ್ಲಿ ಅದನ್ನೇ ಉರುಹೊಡೆಯುತ್ತ ಸೊಪ್ಪು ಬಿಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಕೈ ನಿಂತಿತು. ಬೆಳ್ಳಗಾಯಿತು, ಸಣ್ಣಗಾಯಿತು, ತಣ್ಣಗಾಯಿತು, ಕಪ್ಪಗಾಯಿತು. ನಮ್ಮಲ್ಲೂ ನಡುವೆ ಒಂದು ಗೆ ಇದೆಯಲ್ಲ! ಒಂದೇ ಉಸಿರಿಗೆ ಅಡಿಗೆಮನೆಗೆ ಓಡಿದೆ.

"ಅವ್ವಾ, ಅವರಿಗೂ ಗೆ ಐತೆ!"

"ಯಾರಿಗೇ?"

"ಜಪಾನಿನೋರಿಗೆ! ನಾವು ಗೆ ಅಂತೀವಿ, ಅವರು ಕು ಅಂತಾರೆ, ಅಷ್ಟೇಯ!"

"ಇರ್ಲಿ ಬಿಡು, ಒಲೆ ಮುಂದೆ ಕುಣೀಬ್ಯಾಡ," ಎಂದಳು ಅವ್ವ. ಆದರೆ ಆ ಮಧ್ಯಾಹ್ನ ಹಾಲಿಗೆ ಹೆಪ್ಪು ಹಾಕುವಾಗ ಅವಳೇ ಮೆಲ್ಲಗೆ ಕೇಳಿದಳು: "ಹಾಲು ಮೊಸರಾಯ್ತು ಅನ್ನಾಕೆ ಏನಂತಾರಂತೆ?"

ಅದಕ್ಕೆ ಕು ಬರುವುದಿಲ್ಲ. ಬಣ್ಣಕ್ಕೆ, ಗಾತ್ರಕ್ಕೆ, ಬಿಸಿಗೆ ಕು. ಒಂದು ವಸ್ತು ಇನ್ನೊಂದು ವಸ್ತುವಾದರೆ ನಿ. ಹುಳು ಗೂಡಾಗುವುದು ಮಯು ನಿ ನರು, ಹುಡುಗಿ ಹೆಂಗಸಾಗುವುದಕ್ಕೂ ಅದೇ ನಿ. ಮೊಸರಿಗೆ ಅವರಲ್ಲಿ ಹೆಸರೇ ತೋಚದೆ ತೋಮಿಯವರು ನಮ್ಮದನ್ನೇ ತೆಗೆದುಕೊಂಡು 'ಮೊಸರು ನಿ ನತ್ತ' ಎಂದರು. ಅವ್ವನಿಗೆ ಅದು ಎಷ್ಟು ಹಿಡಿಸಿತೆಂದರೆ, ಮರುದಿನದಿಂದ ಹೆಪ್ಪು ಹಾಕಿದ ಗಡಿಗೆ ತೆರೆಯುವಾಗಲೆಲ್ಲ ಹಾಗೆಯೇ ಅನ್ನತೊಡಗಿದಳು. ನಮ್ಮ ಮಾತು ಕಲಿಯುವಾಗ ತೋಮಿಯವರ ಪಾಡೂ ಹೀಗೆಯೇ ಇತ್ತು. ಎಲ್ಲರೂ ಅವರನ್ನು 'ಊಟ ಆಯ್ತಾ' ಎಂದು ಕೇಳುವವರೇ. ಆಯ್ತು ಎಂದರೆ ನತ್ತ ಎಂದು ನಾನು ಹೇಳಿಕೊಟ್ಟಿದ್ದೆ. ಊಟ ಏನಾಯಿತು, ಯಾವುದಾಗಿ ಮಾರ್ಪಟ್ಟಿತು ಎಂದು ಅವರು ಗಾಬರಿಯಿಂದ ನನ್ನನ್ನು ಕೇಳಿದರು. ಹೊತ್ತಾಯ್ತು, ವಯಸ್ಸಾಯ್ತು, ಮದುವೆ ಆಯ್ತು, ಸಾಕಾಯ್ತು. ಅಷ್ಟೂ ಆಯ್ತುಗಳನ್ನು ಕೇಳಿ ಅವರು ಕಣ್ಣರಳಿಸಿ, ನಿಮ್ಮ ಊರಿನಲ್ಲಿ ಎಲ್ಲವೂ ತಾನಾಗಿಯೇ ಆಗುತ್ತದೆ ಎಂದರು. ತಮ್ಮ ಊರಿನಲ್ಲೂ ಹಾಗೆಯೇ ಎಂದು ಆಮೇಲೆ ನಕ್ಕರು.

ಸುರು ಕಲಿಸಿದ್ದು ಬೆಳಕಿಂಡಿ. ಒಂದು ಸಂಜೆ ಹೊತ್ತು ಇಳಿಯುತ್ತಿದ್ದ ಹಾಗೆ ನಡುಮನೆ ಮಬ್ಬಾಯಿತು. ತೋಮಿಯವರು 'ಕುರಕು ನತ್ತ' ಎಂದರು. ಕತ್ತಲಾಯಿತು. ಮಾರನೆಯ ಮಧ್ಯಾಹ್ನ ಬೆಳಕು ಹುಳುಗಳ ಮೇಲೆ ನೇರ ಬೀಳುತ್ತಿತ್ತು. ಅವರು ಕೋಲಿನಿಂದ ಗೋಣಿಯನ್ನು ಬೆಳಕಿಂಡಿಗೆ ಎಳೆದು ಕತ್ತಲು ಮಾಡಿದರು. 'ಕುರಕು ನತ್ತ' ಎಂದೆ ನಾನು ಜಾಣೆಯ ಹಾಗೆ. ಅವರು ಇಲ್ಲವೆಂದು ತಲೆಯಾಡಿಸಿ, ತಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು 'ಕುರಕು ಶಿತ' ಎಂದರು. ಸುರು ಎಂದರೆ ಮಾಡುವುದು, ಶಿತ ಎಂದರೆ ಮಾಡಿದ್ದು. ನಾನು ಎನ್ನುವುದಕ್ಕೆ ನಾವು ಎದೆ ಮುಟ್ಟಿಕೊಂಡರೆ ಅವರು ಮೂಗು ಮುಟ್ಟಿಕೊಳ್ಳುತ್ತಾರೆ. ಸೂರ್ಯ ಇಳಿದರೆ ಕತ್ತಲು ಆಗುತ್ತದೆ. ಗೋಣಿ ಎಳೆದರೆ ಕತ್ತಲು ಮಾಡಿದ ಹಾಗೆ. ಕೋಣೆ ಎರಡು ಸಲವೂ ಒಂದೇ ಸಮ ಕತ್ತಲಾಗಿರುತ್ತದೆ. ವ್ಯತ್ಯಾಸ ಕೋಣೆಯಲ್ಲಿಲ್ಲ, ಯಾರೋ ಒಬ್ಬರು ಇದ್ದರೋ ಇಲ್ಲವೋ ಎಂಬುದರಲ್ಲಿದೆ. ಮುಂದೆ ನಾನು ಎಷ್ಟೋ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟಿದ್ದೇನೆ. ಇದಕ್ಕಿಂತ ಚೆನ್ನಾಗಿ ಈ ಪಾಠವನ್ನು ನನ್ನಿಂದ ಹೇಳಲಾಗಿಲ್ಲ.

ಕಡೆಯ ಜ್ವರ ಎದ್ದ ಮೇಲೆ ಹುಳುಗಳು ತಿನ್ನುವ ಸದ್ದು ಬೀದಿಗೆ ಕೇಳುತ್ತಿತ್ತು. ಒಣಗಿದ ಜೋಳದ ಹೊಲದೊಳಗೆ ದನ ನುಗ್ಗಿದಂತೆ ಸರಸರ, ಸರಸರ. ಅಜ್ಜಿ ಪೂಜೆಯನ್ನು ಪಡಸಾಲೆಗೆ ಸಾಗಿಸಿದ್ದಳು. ಅದು ಮುಗಿದ ಕೂಡಲೇ ಕೈ ತೊಳೆದು ಒಳಗೆ ಬಂದು ತಟ್ಟೆಗಳ ಮುಂದೆ ಕೂರುತ್ತಿದ್ದಳು. ಜಪಾನಿನಲ್ಲಿ ಇವನ್ನು ಬರೀ ಹುಳು ಎನ್ನುವುದಿಲ್ಲ, ಹಿರಿಯರನ್ನು ಕರೆಯುವ ಹಾಗೆ ಓಕೈಕೊಸಾಮ ಎನ್ನುತ್ತಾರೆ ಎಂದು ನಾನು ಹೇಳಿದಾಗ ಅವಳ ಮುಖ ಅರಳಿತು. ತಟ್ಟೆ ಇಟ್ಟ ಕಂಬಗಳಿಗೆ ವಿಭೂತಿ ಹಚ್ಚಿದಳು. 'ತಿನ್ರಪ್ಪ, ತಿನ್ರಿ' ಎಂದು ಸೊಪ್ಪು ಉದುರಿಸುತ್ತಿದ್ದಳು. ಹುಳುಗಳು ಹಣ್ಣಾಗಿ, ಮೈ ಹೊಂಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಂತಾದಾಗ, ಒಂದೊಂದನ್ನೇ ಎತ್ತಿ, ಗೂಡು ಕಟ್ಟಲೆಂದು ಬಿದಿರಿನಿಂದ ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಟ್ಟವಳೂ ಅವಳೇ. ಅವು ತಲೆಯಾಡಿಸಿ ಆಡಿಸಿ ನೂಲು ಸುತ್ತಿಕೊಂಡವು. ಚಂದ್ರಿಕೆಯ ತುಂಬ ಬೆಳ್ಳನೆಯ ಗೂಡುಗಳು. ಅಜ್ಜಿ ಒಂದನ್ನು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಒಳಗೈತೆ," ಎಂದಳು. "ಬೆಚ್ಚಗೆ ಮಲಗೈತೆ."

ಅದೇ ದಿನ ತೋಮಿಯವರು ನನಗೊಂದು ಹೊಸ ಮಾತು ಹೇಳಿದರು. 'ಗಿರ್ಜಿ, ಹನಸೆರು ಯೋ ನಿ ನತ್ತ.' ಯೋ ಎಂದರೆ ಹಾಗೆ. ಮಾತಾಡಬಲ್ಲ ಹಾಗೆ ಆಯಿತು, ಗಿರ್ಜಿಗೆ ಮಾತಾಡಲು ಬರುವ ಹಾಗಾಯಿತು. ಕು, ನಿ, ಆಮೇಲೆ ಈ ಯೋ ನಿ. ಬಣ್ಣ ಬದಲಾಗುವುದು, ವಸ್ತು ಬದಲಾಗುವುದು, ಮನುಷ್ಯನ ಕೈಯಲ್ಲಿ ಆಗದ್ದು ಆಗುವಂತಾಗುವುದು. ಮೂರೂ ನನ್ನವಾಗಿದ್ದವು. ಅಂದು ನಾನು ಬೀದಿಯಲ್ಲಿ ನಡೆದ ರೀತಿಯನ್ನು ನೋಡಿದವರು ನಮ್ಮಪ್ಪ ಅಮಲ್ದಾರನಾದನೇ ಎಂದು ಕೇಳಬೇಕು, ಹಾಗಿದ್ದೆ.

ಗೂಡು ಬಿಡಿಸುವ ಹೊತ್ತಿಗೆ ಚಿಕ್ಕಪ್ಪ ಹೊಳಲ್ಕೆರೆಯ ಕಡೆಯಿಂದ ವಾಪಸು ಬಂದ. ಆ ಬೆಳಿಗ್ಗೆ ಪಕ್ಕದ ಮನೆಯ ನಂಜವ್ವ ಹುಳು ನೋಡುವ ನೆಪದಲ್ಲಿ ಬಂದಳು. ಅವಳ ಮಗಳನ್ನು ಕೊಟ್ಟಿದ್ದದ್ದು ದಕ್ಷಿಣದ ರೇಷ್ಮೆ ಸೀಮೆಗೆ.

"ಇಷ್ಟು ಮುದ್ದಾಗಿ ಸಾಕಿದೀಯ," ಎಂದಳು ಅಜ್ಜಿಗೆ. "ಕುದಿಯೋ ನೀರಿಗೆ ಹಾಕಾದು ಯಾವಾಗಂತೆ?"

"ಏನನ್ನ?"

"ಗೂಡನ್ನ ಕಣೇ. ಹುಳ ಒಳಗಿರಂಗೇನೇ ಹಾಕ್ತಾರೆ. ಅದು ತೂತ ಮಾಡ್ಕಂಡು ಹೊರಗೆ ಬಂದ್ರೆ ನೂಲು ಕೆಡ್ತೈತಲ್ಲ."

ನಂಜವ್ವ ಹೋದ ಮೇಲೆ ಅಜ್ಜಿ ಚಿಕ್ಕಪ್ಪನನ್ನು ಕರೆದು ಕೇಳಿದಳು. ಅವನು ಚಂದ್ರಿಕೆಯನ್ನು ನೋಡುತ್ತ ಉತ್ತರ ಕೊಟ್ಟ.

"ಗೂಡು ಕಟ್ಟಿದ ಮೇಲೆ ಅವುಗಳ ಕೆಲಸ ಮುಗೀತವ್ವ. ಆಮೇಲೆ ತಾವಾಗೇ ಹೋಗ್ತಾವೆ."

ಅಜ್ಜಿ ಸುಮ್ಮನಾದಳು. ಅವಳು ಸುಮ್ಮನಾದರೆ ಮಾತು ಮುಗಿಯಲಿಲ್ಲವೆಂದೇ ನಮ್ಮ ಮನೆಯಲ್ಲಿ ಅರ್ಥ. ಚಿಕ್ಕಪ್ಪನಿಗೂ ಅದು ಗೊತ್ತಿತ್ತು. ಹಿತ್ತಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಅವನ ಕಣ್ಣು ಕೆಂಪಾಗಿತ್ತು.

"ಗಿರ್ಜಿ, ಅಜ್ಜಿ ನಿನ್ನ ಕರೀತಾಳೆ. ತೋಮಿಸಾನ್ ಹತ್ರ ಕೇಳಿಸ್ತಾಳೆ. ಅವರು ಏನೇ ಹೇಳ್ಲಿ, ನೀನು ನರು ಅನ್ನೋ ಮಾತೇ ಹೇಳು. ಸಾಯ್ತಾವಂತೆ ಅನ್ನು, ಸಾಕು. ಎರಡು ವರ್ಷ ಆ ಚಳೀಲಿ ನಾನು ಕಲ್ತಿದ್ದು ಇದೊಂದೇ ಕಣವ್ವ. ಅಜ್ಜಿ ಬ್ಯಾಡ ಅಂದ್ರೆ ಎಲ್ಲಾ ಮುಗೀತು."

ಚಿಕ್ಕಪ್ಪನ ಮೇಲೆ ನನಗೆ ಬಹಳ ಪ್ರೀತಿ. ಅವನು ಬೇಡಿಕೊಂಡದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಒಳಗಿನಿಂದ ಅಜ್ಜಿ ಕರೆದಳು.

ನಡುಮನೆಯಲ್ಲಿ ಅಜ್ಜಿ ತನ್ನ ಹಳೆಯ ಮೂಲೆಯಲ್ಲಿ ಕುಳಿತಿದ್ದಳು. ಎದುರಿಗೆ ತೋಮಿಯವರು ಮಂಡಿಯೂರಿ ಕುಳಿತಿದ್ದರು. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ನನ್ನ ಹಿಂದೆಯೇ ಬಂದು ಗೋಡೆಗೆ ಒರಗಿದ.

"ಲೇ ಗಿರ್ಜಿ," ಎಂದಳು ಅಜ್ಜಿ, "ಆಯಮ್ಮನ್ನ ಕೇಳು. ಒಳಗಿರೋವು ಸಾಯ್ತಾವೋ, ಇವರು ಸಾಯಿಸ್ತಾರೋ?"

ನನಗೆ ಆಗಲೇ ಒಂದು ತೊಡಕು ಎದುರಾಯಿತು. ಸಾಯುವುದಕ್ಕೆ ಶಿನು ಎನ್ನುವುದು ಗೊತ್ತಿತ್ತು. ಹುಳು ಸಾಕುವ ಮನೆಯಲ್ಲಿ ಆ ಮಾತು ಬೇಗ ಕಲಿಯುತ್ತೇವೆ. ಕೊಲ್ಲು ಎನ್ನುವುದಕ್ಕೆ ಅವರ ಮಾತು ಗೊತ್ತಿರಲಿಲ್ಲ. ಅದನ್ನು ತೋಮಿಯವರು ನನಗೆ ಕಲಿಸಿಯೇ ಇರಲಿಲ್ಲ. ಬೇಕಾದರೆ ಅಲ್ಲಿಗೇ ನಿಲ್ಲಿಸಬಹುದಿತ್ತು. ಶಿನು ಎಂದಷ್ಟೇ ಕೇಳಿ, ಹೌದು ಎಂದಷ್ಟೇ ಹೇಳಿಸಿ, ಸಾಯುತ್ತವಂತೆ ಎಂದು ಅಜ್ಜಿಗೆ ಒಪ್ಪಿಸಬಹುದಿತ್ತು. ಆದರೆ ನನ್ನ ಹತ್ತಿರ ಬೇರೆ ಸಾಮಾನಿತ್ತಲ್ಲ. ಯೋ ನಿ ಇತ್ತು, ನರು ಇತ್ತು, ಸುರು ಇತ್ತು. ಅಜ್ಜಿಯ ಕಣ್ಣು ನನ್ನ ಮೇಲೇ ಇತ್ತು. ನಾನು ತೋಮಿಯವರ ಕಡೆ ತಿರುಗಿ ಒಂದೊಂದೇ ಮಾತು ಜೋಡಿಸಿ ಕೇಳಿದೆ.

"ಶಿನು ಯೋ ನಿ ನರು ನೊ? ಶಿನು ಯೋ ನಿ ಸುರು ನೊ?"

ಸಾಯುವ ಹಾಗೆ ಆಗುತ್ತದೋ, ಸಾಯುವ ಹಾಗೆ ಮಾಡುತ್ತೀರೋ? ಅವರ ಊರಿನಲ್ಲಿ ಹೀಗೆ ಯಾರೂ ಕೇಳುವುದಿಲ್ಲವೆಂದು ಈಗ ಗೊತ್ತು. ಆದರೆ ತೋಮಿಯವರಿಗೆ ಅರ್ಥವಾಯಿತು. ಅವರು ಚಿಕ್ಕಪ್ಪನ ಕಡೆ ನೋಡಿದರು. ಚಿಕ್ಕಪ್ಪ ನೆಲ ನೋಡುತ್ತಿದ್ದ. ಆಮೇಲೆ ಅಜ್ಜಿಯನ್ನು ನೇರವಾಗಿ ನೋಡಿ, ತಮ್ಮ ಮೂಗಿನ ಮೇಲೆ ಬೆರಳಿಟ್ಟು ಹೇಳಿದರು.

"ಶಿಮಸು. ವತಶಿ ಗ ಶಿಮಸು."

ಶಿಮಸು ಎಂದರೆ ಸುರು ಎನ್ನುವುದರ ಮರ್ಯಾದೆಯ ರೂಪ. ನಾನು ತಡಮಾಡಲಿಲ್ಲ.

"ಮಾಡ್ತೀವಿ ಅಂತಾರಜ್ಜಿ. ನಾನೇ ಮಾಡ್ತೀನಿ ಅಂತಾರೆ."

ಚಿಕ್ಕಪ್ಪ ಹೊರಗೆ ನಡೆದುಬಿಟ್ಟ. ಹೋಗುವಾಗ 'ಮುಳುಗಿಸಿದೆಯಲ್ಲೇ' ಎಂದು ನನಗಷ್ಟೇ ಕೇಳುವ ಹಾಗೆ ಅಂದ. ಆದರೂ ನಾನು ಹೇಳಿದ್ದು ಸರಿಯೆಂಬುದರಲ್ಲಿ ನನಗೆ ಆಗಲೂ ಅನುಮಾನ ಬರಲಿಲ್ಲ, ಈಗಲೂ ಇಲ್ಲ. ನಾನು ಬಾಯಿ, ಬಾಯಿಯ ಕೆಲಸ ಮಾಡಿದ್ದೆ.

ಅಜ್ಜಿ ಅಂದು ಉಣ್ಣಲಿಲ್ಲ. ಸಂಜೆ ಚಿತ್ರದುರ್ಗದಿಂದ ಬಂದ ಅಪ್ಪ ಸುದ್ದಿ ಕೇಳಿ, ಜಗುಲಿಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದ ತಮ್ಮನನ್ನು ನೋಡಿ, ಒಳಗೆ ಬಂದು ತೀರ್ಪು ಹೇಳಿದ.

"ನಮ್ ಮನೇಲಿ ಇದು ಬ್ಯಾಡವ್ವ. ಎಲ್ಲಾ ಹೊಳೆಗೆ ಎಸೆದು ಬರಾಣ. ಅವರನ್ನ ನಾಳೆನೇ ಕಳಿಸ್ಬಿಡಾಣ."

"ಹೊಳೆಗೆ ಎಸೆದ್ರೆ ಬದುಕ್ತಾವೇನೋ?" ಎಂದಳು ಅಜ್ಜಿ. "ನಾನು ಉಟ್ಟಿರೋ ರೇಷ್ಮೆ ಸೀರೆ ಎಲ್ಲಿಂದ ಬಂತು? ನನ್ ಮದುವೇಗೆ ಉಟ್ಟಿದ್ದು, ನಿನ್ ಮದುವೇಗೆ ಉಟ್ಟಿದ್ದು. ಇಷ್ಟು ವರ್ಷ ಯಾರೂ ನಂಗೆ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಈಯಮ್ಮ ಕೇಳಿದ ತಕ್ಷಣ ನಾನ್ ಮಾಡ್ತೀನಿ ಅಂದ್ಲು. ಮಾಡ್ತೀನಿ ಅನ್ನೋರ ಜೊತೆ ಕೂತು ಮಾತಾಡ್ಬೋದು. ತಾನಾಗೇ ಆಗ್ತೈತೆ ಅನ್ನೋನ ಜೊತೆ ಏನ್ ಮಾತಾಡಾದು?"

ಕಡೆಯ ಮಾತು ಜಗುಲಿಗೆ ಕೇಳಲಿ ಎಂದೇ ಗಟ್ಟಿಯಾಗಿ ಆಡಿದಳು. ಆಮೇಲೆ ತೋಮಿಯವರನ್ನು ಕರೆಸಿ, ನನ್ನನ್ನು ನಡುವೆ ಕೂರಿಸಿಕೊಂಡು, ಕೇಳಬೇಕಾದ್ದನ್ನೆಲ್ಲ ಕೇಳಿದಳು. ಜೀವಂತ ಬಿಡುವುದು ಒಂದೂ ಇಲ್ಲವೇ? ಇದೆ, ಮುಂದಿನ ಬೆಳೆಗೆ ಮೊಟ್ಟೆ ಬೇಕಲ್ಲ, ಒಳ್ಳೆಯ ಗೂಡುಗಳನ್ನು ಬಿಟ್ಟಿರುತ್ತೇವೆ, ಅವು ಚಿಟ್ಟೆಯಾಗುತ್ತವೆ. ನಿಮಗೆ ಕರುಳು ಚುರುಕ್ ಎನ್ನುವುದಿಲ್ಲವೇ? ಅನ್ನುತ್ತದೆ. ತೋಮಿಯವರು ತಮ್ಮ ಹಳ್ಳಿಯಲ್ಲಿ ಪ್ರತಿ ಬೆಳೆ ಮುಗಿದ ಮೇಲೆ ಹೆಂಗಸರೆಲ್ಲ ಸೇರಿ ಸತ್ತ ಹುಳುಗಳಿಗಾಗಿ ಕೈಮುಗಿದು ನಿಲ್ಲುವುದನ್ನು ಹೇಳಿದರು. ನನ್ನ ಮಾತು ಸಾಲದ ಕಡೆ ಅವರು ಕೈಯಲ್ಲಿ ತೋರಿಸಿದರು. ಅಜ್ಜಿ ಬಹಳ ಹೊತ್ತು ಕೇಳಿ ತನ್ನ ತೀರ್ಮಾನ ಕೊಟ್ಟಳು. ಲಿಂಗಪೂಜೆ ನಡೆಯುವ ಮನೆಯೊಳಗೆ ಬೇಯಿಸುವಂತಿಲ್ಲ, ಕಾಲುವೆಯ ಹತ್ತಿರ ಹೊಲದಲ್ಲಿ ಗುಡಿಸಲು ಹಾಕಲಿ. ಬೀಜದ ಗೂಡುಗಳು ನಡುಮನೆಯಲ್ಲೇ ಇರಲಿ. ಬೇಯಿಸುವ ದಿನ ತಾನೂ ಅಲ್ಲಿಗೆ ಬರುತ್ತೇನೆ.

"ನೀನ್ಯಾಕವ್ವ?" ಎಂದ ಅಪ್ಪ.

"ಸೊಪ್ಪು ಹಾಕಿದ್ದು ಈ ಕೈ ಕಣಪ್ಪ. ನೋಡ್ದೆ ಮನೇಲಿ ಕುಂತ್ರೆ ಆಗಾಕಿಲ್ಲ."

ಆ ದಿನ ಗುಡಿಸಲಿನಲ್ಲಿ ದೊಡ್ಡ ಕಡಾಯಿಯ ನೀರು ಮರಳುತ್ತಿತ್ತು. ತೋಮಿಯವರು ಸೆರಗಿಲ್ಲದ ತಮ್ಮ ಉಡುಪಿನ ತೋಳುಗಳನ್ನು ದಾರದಿಂದ ಹಿಂದಕ್ಕೆ ಕಟ್ಟಿಕೊಂಡು, ಕಣ್ಣುಮುಚ್ಚಿ ಕೈಜೋಡಿಸಿ, ಏನೋ ಅಂದುಕೊಂಡು, ಮೊದಲ ಬುಟ್ಟಿಯನ್ನು ತಾವೇ ಸುರಿದರು. ಅಜ್ಜಿ ಕಡಾಯಿಯಿಂದ ಕಣ್ಣು ಕೀಳಲಿಲ್ಲ. ಕೋಲು ಹಿಡಿದು ನಿಂತವಳು ನಿಂತೇ ಇದ್ದಳು. ನಾನು ಅವಳ ಸೆರಗು ಹಿಡಿದುಕೊಂಡೆ. ಆ ವಾಸನೆ ಹಿತವಾಗಿರಲಿಲ್ಲ. ತೋಮಿಯವರು ಸಣ್ಣ ಕಡ್ಡಿಯಿಂದ ನೀರು ಕಲಕಿದಾಗ ಗೂಡುಗಳ ಎಳೆಗಳು ಕಡ್ಡಿಗೆ ಹತ್ತಿಕೊಂಡವು. ಅವನ್ನು ಕೂಡಿಸಿ ಎಳೆದರೆ ಬಿಸಿಲಿನಲ್ಲಿ ಕಂಡೂ ಕಾಣದ ಒಂದು ನೂಲು. ಅದು ರಾಟೆಗೆ ಸುತ್ತಿಕೊಳ್ಳುತ್ತ ಹೋಯಿತು. ಚಿಕ್ಕಪ್ಪ ರಾಟೆ ತಿರುಗಿಸುತ್ತಿದ್ದ. ಅಜ್ಜಿ ಮುಂದೆ ಬಂದು ನೂಲನ್ನು ಬೆರಳಿಗೆ ಹಾಯಿಸಿ ಎಳೆದು ನೋಡಿದಳು.

"ಎಷ್ಟು ಗಟ್ಟಿ ಐತೋ," ಎಂದಳು ಮಗನಿಗೆ. ಆಮೇಲೆ, "ಕಲ್ತಿದ್ದೀಯ. ಚೆನ್ನಾಗೇ ಕಲ್ತಿದ್ದೀಯ."

ಚಿಕ್ಕಪ್ಪ ಮುಖ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡ. ಹೊಗೆ ಎಂದ. ಮನೆಗೆ ಹೋಗುವ ದಾರಿಯಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ನಾನು ಅದಕ್ಕೆ ದೊಡ್ಡವಳಾಗಿದ್ದೆ, ಆದರೂ ಕುಳಿತೆ. ಬೀಜಕ್ಕೆ ಬಿಟ್ಟ ಗೂಡುಗಳಿಂದ ನಡುಮನೆಯಲ್ಲಿ ಚಿಟ್ಟೆಗಳು ಹೊರಬಂದಾಗ ಅಜ್ಜಿ ಬೆಳಕಿಂಡಿಯ ಗೋಣಿ ತೆಗೆಸಿದ್ದಳು. ಅವು ಒಂದೂ ಹಾರಲಿಲ್ಲ. ಇದ್ದಲ್ಲೇ ರೆಕ್ಕೆ ಬಡಿದುಕೊಂಡು ಮೊಟ್ಟೆಯಿಟ್ಟವು. 'ಹಾರಾಕೂ ಬರಲ್ವಾ ಇವಕ್ಕೆ?' ಎಂದು ಅಜ್ಜಿ ನಿರಾಸೆಯಿಂದ ಕೇಳಿ, ನಂತರ ನಕ್ಕುಬಿಟ್ಟಳು. ಅವಳು ಮತ್ತೆ ರೇಷ್ಮೆ ಉಡಲಿಲ್ಲ. ತನ್ನ ಸೀರೆಗಳನ್ನು ಅವ್ವನಿಗೆ ಕೊಟ್ಟಳು. ಅವ್ವ ಉಟ್ಟರೆ ಒಂದು ಮಾತೂ ಆಡಲಿಲ್ಲ. ಸರಕಾರದ ನೆರವು ಬಂತು, ಹಿಪ್ಪುನೇರಳೆ ತೋಟ ದೊಡ್ಡದಾಯಿತು, ಚಿಕ್ಕಪ್ಪನ ಗುಡಿಸಲಿಗೆ ಹೊಸದುರ್ಗದಿಂದಲೂ ಜವನಗೊಂಡನಹಳ್ಳಿಯಿಂದಲೂ ಜನ ಕಲಿಯಲು ಬಂದರು. ಬಂದವರಿಗೆಲ್ಲ ಅವನು ಮೊದಲೇ ಹೇಳಿಬಿಡುತ್ತಿದ್ದ: 'ಇದರಲ್ಲಿ ಜೀವ ತೆಗಿಬೇಕಾಗ್ತೈತ್ರಿ. ಒಪ್ಗೆ ಇದ್ರೆ ಕುಂತ್ಕಳ್ರಿ.' ನಾನು ಮಾತ್ರ ಹುಳುವಿನ ಕಡೆ ಹೋಗಲಿಲ್ಲ, ಮಾತಿನ ಕಡೆ ಹೋದೆ. ಮಗ್ಗಿಗಿಂತ ಮುಂಚೆ ನನಗೆ ಈ ಎರಡು ಕ್ರಿಯಾಪದಗಳು ಬಂದಿದ್ದವು. ಬದುಕಿನಲ್ಲಿ ಏನಾದರೂ ನಡೆದಾಗ ಯಾವುದನ್ನು ಎಲ್ಲಿ ಹಾಕಬೇಕೆಂದು ನನಗೆ ತಬ್ಬಿಬ್ಬಾದದ್ದು ಕಡಿಮೆ.

ತೋಮಿಯವರು ಹೊರಟ ದಿನ ಬೆಳಿಗ್ಗೆಯೇ ಗಾಡಿ ಬಂದಿತ್ತು. ಅವರ ಗಂಡ ಮುಂದೆ ಕುಳಿತಿದ್ದರು. ಅವ್ವ ರೊಟ್ಟಿ, ಚಟ್ನಿಪುಡಿಯ ಬುತ್ತಿ ಕಟ್ಟಿಕೊಟ್ಟಳು. ತೋಮಿಯವರು ಗಾಡಿ ಹತ್ತುವ ಮುಂಚೆ ಅಜ್ಜಿಯ ಎದುರಿಗೆ ನಿಂತು, ನನ್ನಿಂದ ಕಲಿತ ಕನ್ನಡದಲ್ಲಿ, ನನ್ನನ್ನು ಕೇಳದೆ ತಾವೇ ಜೋಡಿಸಿಕೊಂಡ ಒಂದು ಮಾತು ಹೇಳಿದರು.

"ಅಜ್ಜಿ, ನಾನು ಈ ಮನೆ ಮಗಳು ಆದೆ."

ಅಜ್ಜಿ ಅವರ ಎರಡೂ ಕೈ ಹಿಡಿದುಕೊಂಡಳು.

"ಆದೆ ಅನ್ಬ್ಯಾಡ ತೋಮವ್ವ," ಎಂದಳು. "ನಾವು ಮಾಡ್ಕಂಡ್ವಿ."

ಅವರಿಗೆ ಅಷ್ಟು ಕನ್ನಡ ತಿಳಿಯದೆ ನನ್ನ ಕಡೆ ನೋಡಿದರು. ನಾನು ಒಂದು ಅಕ್ಷರ ತಪ್ಪದೆ, ನಮ್ಮ ಮನೆಯ ಮಗಳು ಎಂಬುದರ ಮುಂದೆ ನರು ಬಿಟ್ಟು ಸುರು ಇಟ್ಟು ಹೇಳಿದೆ.

"ಉಚಿ ನೊ ಮುಸುಮೆ ನಿ ಶಿಮಶಿತ."

ತೋಮಿಯವರು ಬೀದಿಯ ಮಣ್ಣಿನಲ್ಲೇ ಕುಳಿತು, ಹಣೆಯನ್ನು ಅಜ್ಜಿಯ ಪಾದಕ್ಕೆ ಮುಟ್ಟಿಸಿ, ಏಳದೆ ಹಾಗೆಯೇ ಇದ್ದರು. ಅಜ್ಜಿ ಅವರನ್ನು ಎಬ್ಬಿಸಿ ಗಾಡಿಗೆ ಹತ್ತಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಗಾಡಿಯವನ ಮೇಲೆ ರೇಗಿದಳು.

"ಏನಪ್ಪ ನೋಡ್ತಾ ಕುಂತೀಯ? ಹೊಡಿ ಗಾಡಿನ. ಬಿಸ್ಲೇರಿದ್ರೆ ನನ್ ಮಗಳಿಗೆ ತಡಿಯಾಕಾಗಲ್ಲ."